ಬಾಗಿದ ಬೇಸ್ ಗಿಟಾರು

೧೪-೧೧-೨೦೦೬, ಮಂಗಳವಾರ

ಆ 'ಗಿರ್ರ್' ಸದ್ದು ಇನ್ನೂ ಕಿವಿ ಬಿಟ್ಟಿಲ್ಲ. ನಾಟಕದಲ್ಲಿ ಭೀಮನ ಪಾರ್ಟು ಮಾಡಿ ಗುಡುಗಿದವನು ನಾನು. ನನ್ನ ಬೇಸ್ ಗಿಟಾರೂ ಗುಡುಗಲಿ ಅಂತ ಅಂಗಡಿಯಲ್ಲಿದ್ದ ಅತಿ ದಪ್ಪ ತಂತಿ ತಂದು ಬಿಗಿದೆ. ಎಳೆತಕ್ಕೆ ಗಿಟಾರಿನ ಕತ್ತು ಬಿಲ್ಲಿನಂತೆ ಬಾಗಿ, ತಂತಿ ಬೆರಳಿಗೆ ಒತ್ತಲಾಗದಷ್ಟು ಮೇಲೆದ್ದಿತು. ತಂತಿ ತಗ್ಗಿಸಿದರೆ ಕತ್ತಿನ ಮೇಲಿನ ಲೋಹದ ಪಟ್ಟಿಗೆ, ಅದೇ ಫ್ರೆಟ್ಟಿಗೆ, ತಾಗಿ ಗಿರ್ರ್! ಅದನ್ನು ಮುಚ್ಚಲು, ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ತುಳಿದೆ; ಗಿರ್ರ್ ಇನ್ನೂ ಜೋರಾಯಿತು.

ಆರ್ಕೆಸ್ಟ್ರಾ ಯಜಮಾನ ಚಿಕ್ಕರಾಜು ಪ್ರಾಕ್ಟೀಸನ್ನೇ ನಿಲ್ಲಿಸಿದ. "ಏನ್ಲಾ, ಬೇಸ್ ಬಾರುಸ್ತಿದ್ದೀಯೋ, ರೇಷ್ಮೆ ಮಿಷನ್ ಓಡುಸ್ತಿದ್ದೀಯೋ? ನಾಳೆ ಬಿಡದಿ ಫ್ಯಾಕ್ಟ್ರಿ ರಾಜ್ಯೋತ್ಸವದಲ್ಲಿ ಹಿಂಗಾದ್ರೆ ನಿನ್ ಜಾಗಕ್ಕೆ ಬೆಂಗಳೂರಿನವನು ಬತ್ತಾನೆ ಕಣ್ಲಾ!"

ಹಳೇ ತಂತಿ ಹಾಕೋಣವೆಂದರೆ, ಬಿಚ್ಚುವ ತಾಳ್ಮೆಯಿಲ್ಲದೆ ಕತ್ತರಿಸಿ ಎಸೆದಿದ್ದೇನೆ, ಮಹಾಶೂರ!

ಮರದ ಗೊಂಬೆ ಕಡೆಯುವ ದಾಸಪ್ಪಣ್ಣನ ಬಳಿಗೆ ಗಿಟಾರು ಹೊತ್ತೊಯ್ದೆ. ಅವನು ಕತ್ತು ಸವರಿ ನೋಡಿದ. ಕತ್ತನ್ನು ನೆಟ್ಟಗಿಡಲು ಅದರೊಳಗಿರುವ ಕಂಬಿಯನ್ನು ನನ್ನ ಅಲನ್ ಕೀಯಿಂದ, ಅಂದರೆ ಆರು ಮೂಲೆಯ ಕೀಲಿಯಿಂದ, ಕಾಲು ಸುತ್ತು ಬಿಗಿಸಿ, ತಂತಿಯನ್ನು ಒಸಿ ಎತ್ತರಿಸಿದ. "ಮರ ಕಣಪ್ಪ, ಒಂದೇ ಸಲಕ್ಕೆ ಮಾತು ಕೇಳಾಕಿಲ್ಲ. ಬೆಳಗಾಗೋಗಂಟ ಬುಟ್ಬುಡು. ಇನ್ನೂ ತಿರುಗ್ಸಿದ್ರೆ ಸೀಳೋಯ್ತದೆ."

ಮನೆಗೆ ಬಂದು ಈಗ ಬಾರಿಸಿ ನೋಡಿದೆ. ಗಿರ್ರ್ ಕಡಿಮೆಯಾಗಿದೆ, ಹೋಗಿಲ್ಲ. ನನ್ನ ಕೈಯನ್ನೇ ನಂಬಲಾರದೆ ಅಲನ್ ಕೀಯನ್ನು ಹೆಂಡತಿ ಅಂಬಮ್ಮನಿಗೆ ಒಪ್ಪಿಸಿ, "ನಾನು ಕಾಲಿಗೆ ಬಿದ್ದರೂ ಕೊಡಬೇಡ!" ಎಂದೆ.

"ಡೈಲಾಗು ಸ್ಟೇಜಲ್ಲಿ ಹೊಡೀರಿ, ಈಗ ಮನಿಕ್ಕಳಿ," ಎಂದಳು.

ಅವಳು ಅದನ್ನು ಎಲ್ಲಿಟ್ಟಳೆಂದು ನೋಡಬಾರದಿತ್ತು. ನೋಡಿಬಿಟ್ಟೆ. ಅಕ್ಕಿ ಡಬ್ಬದ ಹಿಂದೆ. ಬರೀ ಒಂದು ಕೂದಲೆಳೆಯಷ್ಟು ತಿರುಗಿಸಿದರೆ...