ಗೇರ್ ಬಿಡಬ್ಯಾಡ

ಜನವರಿ 6
ಮಾಣಿಕನಗರದ ಪ್ರಭುಗಳ ಗುಡಿ ಮುಂದಿನ ಅಂಗಡಿ ತೆರೆದೆ. ತೆಂಗಿನಕಾಯಿ, ಕರ್ಪೂರ, ಊದಿನಕಡ್ಡಿ... ಗಿರಾಕಿ ಕಡಿಮೆ, ಥಂಡಿ ಜಾಸ್ತಿ. ಗಂಡ ಬಸವಕಲ್ಯಾಣದ ಮಾಲಕನ ಲಾರಿಯಲ್ಲಿ ತೊಗರಿಬೇಳೆ ತುಂಬಿಕೊಂಡು ಕಾಶ್ಮೀರಕ್ಕೆ ಹೋಗಿದ್ದಾನೆ. ಜೊತೆಗೆ ಇನ್ನೊಬ್ಬ ಡ್ರೈವರ್ ದೇವಿದಾಸ, ಪಕ್ಕದ ಮನೆಯವನು. ಆ ದಾರಿ ಕಂಡವನು ದೇವಿದಾಸ. ಜಂಬ ಮಾತ್ರ ನನ್ನ ಗಂಡನದು.

ನಮ್ಮ ಕಡೆ ಡ್ರೈವರ್‌ಗಳಿಗೆ ಒಂದು ರೋಗ. ಇಳಿಜಾರು ಕಂಡರೆ ಸಾಕು, ಗೇರ್ ಬಿಟ್ಟು ನ್ಯೂಟ್ರಲ್! ಗಾಡಿ ತಾನೇ ಉರುಳಲಿ, ಡೀಸೆಲ್ ಉಳಿಯಲಿ. ಮಾಲಕ ಶಭಾಶ್ ಅನ್ನುತ್ತಾನೆ. ನನ್ನ ಗಂಡನಿಗಂತೂ 'ಆವರೇಜ್ ಸಂಜೂ' ಅಂತಲೇ ಹೆಸರು. ಪದವಿ ಸಿಕ್ಕವನ ಹಾಗೆ ಮೀಸೆ ತಿರುವುತ್ತಾನೆ.

ಜನವರಿ 8, ಮಧ್ಯಾಹ್ನ
ಮೊಬೈಲಿನಲ್ಲಿ ಹಿಮದ ರಸ್ತೆಯ ವಿಡಿಯೋ ನೋಡಿದೆ. ಚಕ್ರಕ್ಕೆ ಚೈನು ಕಟ್ಟಬೇಕು. ಮುಂದಿನ ಗಾಡಿಯಿಂದ ದೂರ ಇರಬೇಕು. ಬ್ರೇಕು ಜೋರಾಗಿ ಒತ್ತಬಾರದು. ಇಳಿಯುವಾಗ ಸಣ್ಣ ಗೇರು — ಗೇರೇ ಗಾಡಿಯನ್ನು ಹಿಡಿಯುತ್ತದೆ. ಫೋನ್ ಮಾಡಿ ಎಲ್ಲ ಹೇಳಿದೆ.

"ನನಗ ಗಾಡಿ ಹೊಡಿಯೋದು ಕಲಸ್ತಿಯೇನ? ತೆಂಗಿನಕಾಯಿ ಮಾರು ನೀ" ಅಂದ. ಫೋನ್ ಇಟ್ಟ.

ಸಿಟ್ಟಿಗೆ ಒಂದು ಕಾಯಿ ಒಡೆದು ನಾನೇ ತಿಂದೆ.

ಜನವರಿ 9, ಬೆಳಿಗ್ಗೆ
ದೇವಿದಾಸ ವಿಡಿಯೋ ಕಾಲ್ ಮಾಡಿದ್ದ. ಎಲ್ಲೆಲ್ಲೂ ಬೆಳ್ಳಗೆ. ಸ್ಟೇರಿಂಗ್ ಮುಂದೆ ನನ್ನ ಗಂಡ, ನಗುತ್ತಿದ್ದ.

"ವೈನಿ, ನೋಡ್ರಿ ಬರ್ಫ! ಚೈನ್ ನಾನ ಕಟ್ಟೀನಿ. ಗೇರ್ ಬಿಡಬ್ಯಾಡ ಅಂದ್ರ ಇಂವಾ ಕೇಳವಲ್ಲ. ನೀವರ ಹೇಳ್ರಿ."

"ರೀ, ಗೇರಿನ್ಯಾಗ ಇರ್ಲಿ!" ಎಂದು ಚೀರಿದೆ.

"ಸುಮ್ನಿರು, ಘಾಟ್ ಇಳಿಯಾಕತ್ತೀವಿ" ಅಂದ. ಲೈನ್ ಕಟ್ಟಾಯಿತು.

ಜನವರಿ 10
ದೇವಿದಾಸ ಹೋದ.

ಲಾರಿ ಜಾರಿ ಕಂದಕಕ್ಕೆ ಉರುಳಿತಂತೆ. ಇಬ್ಬರೂ ಹೊರಗೆ ಎಗರಿ ಬಿದ್ದರಂತೆ. ನನ್ನವನಿಗೆ ಕಾಲು ಮುರಿದಿದೆ. ದೇವಿದಾಸನ ಹೆಂಡತಿ ಮೀರಾಬಾಯಿ ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ನಾನೂ ಅತ್ತೆ. ಒಳಗೊಳಗೆ, ನನ್ನವನು ಉಳಿದನಲ್ಲ ಎಂದು ಪ್ರಭುಗಳಿಗೆ ಕೈಮುಗಿದೆ. ಇಲ್ಲೂ ಸುಳ್ಳು ಯಾಕೆ ಬರೆಯಲಿ.

ಜನವರಿ 27
ಇವನು ಮನೆಗೆ ಬಂದ. ಕಾಲಿಗೆ ಪ್ಲಾಸ್ಟರ್. ನೋಡಲು ಮಾಲಕ ಬಂದಿದ್ದ. ನನ್ನೆದುರೇ ಇವನು ಮಾಲಕನಿಗೆ ಹೇಳಿದ:

"ದೇವಿದಾಸ ಹೊಡಿಯಾಕತ್ತಿದ್ದ್ರಿ. ನ್ಯೂಟ್ರಲ್ ಮಾಡಬ್ಯಾಡ ಅಂತ ಬಡಕೊಂಡೆ, ಕೇಳಲಿಲ್ರಿ."

ಪೊಲೀಸರಿಗೂ ಇದನ್ನೇ ಬರೆಸಿದ್ದಾನೆ. ಮಾಲಕ ಎದ್ದು ಹೋದ ಮೇಲೆ ಕೇಳಿದೆ, "ನಾ ಕಣ್ಣಾರೆ ನೋಡೀನಲ್ರಿ?"

"ಸತ್ತಾವಗ ಏನಾಗ್ತದ? ಲೈಸೆನ್ಸ್ ಹೋದ್ರ ನಾ ಇದ್ದೂ ಸತ್ತಂಗ. ಬಾಯಿ ಮುಚ್ಚು."

ಥೂ ಇವನ ಜನ್ಮಕ್ಕೆ.

ಫೆಬ್ರವರಿ 2
ಹುಮನಾಬಾದ್ ಬಜಾರಿನಲ್ಲಿ ಹೆಂಗಸರ ಮಾತು — ದೇವಿದಾಸ ಕುಡಿದಿದ್ದನಂತೆ. ಚಹಾ ಬಿಟ್ಟು ಬೇರೇನೂ ಮುಟ್ಟಿದವನಲ್ಲ ಅವನು! ಇವನು ಒಂದು ಸುಳ್ಳು ಹೇಳಿದ, ಉಳಿದದ್ದನ್ನು ಊರೇ ಸೇರಿಸಿತು. ನಿಜ ಬಾಯಿ ತನಕ ಬಂತು. ನುಂಗಿದೆ. ಮೆಂತ್ಯೆ ಪಲ್ಯದ ಕಟ್ಟು ತಗೊಂಡು ಮನೆಗೆ ಬಂದೆ.

ಫೆಬ್ರವರಿ 5, ಸಂಜೆ
ಮೀರಾಬಾಯಿ ಬಂದಳು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ನೇರ ಮಂಚದ ಹತ್ತಿರ ಹೋಗಿ ಇವನ ಕಾಲು ಮುಟ್ಟಿದಳು.

"ಅಣ್ಣಾ, ನಮ್ಮವರ ಕೈಲಿಂದ ನಿಮ್ಮ ಕಾಲು ಮುರೀತು. ಅವರ ಬದಲಿ ನಾ ಮಾಫಿ ಕೇಳ್ತೀನ್ರಿ. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

"ಇರ್ಲಿ ಬಿಡವಾ. ಆಗೋದು ಆಗ್ಯಾದ. ನಾ ಮಾಫ್ ಮಾಡೀನಿ."

ಮಾಫ್ ಮಾಡಿದನಂತೆ! ರೊಟ್ಟಿ ಮುರಿದು ತಿನ್ನಲೂ ಶುರು ಮಾಡಿದ.

ಬಾಗಿಲ ತನಕ ಹೋಗಿ ಅವಳ ಕೈ ಹಿಡಿದೆ. "ಮೀರಾ..." ಅಷ್ಟರಲ್ಲಿ ಒಳಗಿಂದ ಕೂಗಿದ, "ವಿಜೂ, ನೀರು!" ನೀರು ಕೊಡಲು ಹೋದೆ. ಹೋದೆನಲ್ಲ, ಅದೇ ಹೇಸಿಗೆ. ತಿರುಗಿ ಬರುವಷ್ಟರಲ್ಲಿ ಅವಳಿರಲಿಲ್ಲ.

ಈಗ ಮತ್ತೆ ಕರೆಯುತ್ತಿದ್ದಾನೆ. ಕರೆಯಲಿ. ಮೀರಾಳ ಮನೆಗೆ ಹೊರಟೆ. ಹೋದ ಕೂಡಲೇ ಹೇಳಬೇಕು, ಕೂಡುವ ಮೊದಲೇ — ಆವತ್ತು ಗಾಡಿ ಹೊಡೆಯುತ್ತಿದ್ದದ್ದು ನನ್ನ ಗಂಡ.