ಮಾವನ ಮಂಜುಗಡ್ಡೆ

3 ಡಿಸೆಂಬರ್ 1961, ಭಾನುವಾರ. ಸಿದ್ದಾಪುರ

ಎಣ್ಣೆಸ್ನಾನ. ಅವಲಕ್ಕಿ. ನಾಲ್ಕನೇ ಇಯತ್ತೆಯ ಲೆಕ್ಕದ ಪಟ್ಟಿಪುಸ್ತಕ ತಿದ್ದಲು ಕೂತೆ. ಹದಿನೇಳು ಹುಡುಗರು ಒಂದೇ ತಪ್ಪು ಮಾಡಿದ್ದಾರೆ. ಅಂದ ಮೇಲೆ ತಪ್ಪು ಮಾಸ್ತರನದು. ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ತಂಗಿ ದೇವಕಿ ಮಕ್ಕಳನ್ನು ಕಟ್ಟಿಕೊಂಡು ಈ ಬಾಡಿಗೆ ಮನೆಗೆ ಬಂದು ಎರಡು ವರ್ಷವಾಯಿತು. ಭಾವ ತೀರಿಹೋದಾಗ ವೆಂಕಟ್ರಮಣನಿಗೆ, ನಮ್ಮ ಮಾಣಿಗೆ, ನಾಲ್ಕು. ಈಗ ಆರು. ಗಂಗೆಗೆ ಹನ್ನೊಂದು. ಮದುವೆಯ ಗೋಜಿಗೇ ಹೋಗದ ನನಗೆ ಈಗ ಮನೆ ತುಂಬ ಗಲಾಟೆ. ಇವತ್ತೂ ಓಣಿಯಲ್ಲಿ ಹಾಳೆ ಎಳೆದಾಟ — ಅಡಿಕೆ ಹಾಳೆಯ ಮೇಲೆ ಮಾಣಿ ಕೂರುವುದು, ಗಂಗೆ ತುದಿ ಹಿಡಿದು ದರದರ ಎಳೆಯುವುದು. ಚಡ್ಡಿಯ ಹಿಂಭಾಗ ಹರಿದಿದೆ. ಇದು ಮೂರನೆಯ ಚಡ್ಡಿ. ದೇವಕಿ ಬೈದಳು. ನಾನೂ ಬೈದೆ. ಆಮೇಲೆ ಕಿಟಕಿಯಲ್ಲಿ ನಿಂತು ನೋಡಿದೆ.

5 ಡಿಸೆಂಬರ್

ಗ್ರಹಚಾರ. ಬಸ್‌ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಬಂದಿದೆ. ಹುಬ್ಬಳ್ಳಿಯಲ್ಲಿ ದೊಡ್ಡ ಪ್ರದರ್ಶನವಂತೆ. ತಿರುಗುವ ತೊಟ್ಟಿಲು, ಮಾತಾಡುವ ಬೊಂಬೆ, ಸ್ಕೇಟಿಂಗ್ ರಿಂಕ್. ಚಿತ್ರದಲ್ಲಿ ಒಬ್ಬ ಹುಡುಗಿ ಬೆಳ್ಳಗಿನ ಮಂಜುಗಡ್ಡೆಯ ಮೇಲೆ ಒಂಟಿ ಕಾಲಲ್ಲಿ ಜಾರುತ್ತಿದ್ದಾಳೆ. ಮಾಣಿ ಶಾಲೆಯಿಂದ ಬರುತ್ತ ನೋಡಿಬಿಟ್ಟ. ಊಟಕ್ಕೆ ಕೂತಾಗಿನಿಂದ ಒಂದೇ ರಾಗ.

"ಮಾವ, ನೀ ಬೊಂಬಾಯಲ್ಲಿ ಆಡಿದ್ದು ಇದೇಯನ?"

"ಹೌದು."

"ಹಂಗಾರೆ ಹೋಪನ. ನೀ ಆಡದು ಆನು ನೋಡವು."

ಇಲ್ಲಿ ಬರೆದಿಡುತ್ತೇನೆ, ಇನ್ನೆಲ್ಲೂ ಹೇಳುವ ಹಾಗಿಲ್ಲ. ನಾನು ಮಂಜುಗಡ್ಡೆಯ ಮೇಲೆ ಆಡಿದವನಲ್ಲ. ಮಂಜುಗಡ್ಡೆ ನೋಡಿದ್ದೇ ಸೋಡಾ ಅಂಗಡಿಯಲ್ಲಿ, ಮರದ ಹೊಟ್ಟಿನೊಳಗೆ. ಬೊಂಬಾಯಿಗೆ ಹೋಗಿದ್ದು ನಿಜ — ಐವತ್ನಾಲ್ಕರಲ್ಲಿ, ಮಾಸ್ತರರ ಪ್ರವಾಸದಲ್ಲಿ. ಒಂದು ಕಡೆ ಬೇಲಿಯಾಚೆ ಜನ ಕಾಲಿಗೆ ಗಾಲಿ ಕಟ್ಟಿಕೊಂಡು ಸುತ್ತುತ್ತಿದ್ದರು. ಕಾಲು ತಾಸು ನಿಂತು ನೋಡಿದೆ. ಅಷ್ಟೇ.

ಭಾವ ತೀರಿಕೊಂಡ ವಾರ ಮಾಣಿ ಅನ್ನ ಮುಟ್ಟಲಿಲ್ಲ. ದೇವಕಿಗೆ ಎದ್ದು ಕೂರುವ ತ್ರಾಣವಿರಲಿಲ್ಲ. ನಾನೇ ಕಲಸಿದೆ. ಒಂದು ತುತ್ತಿಗೆ ಒಂದು ಕಥೆ. ಮಾವ ಹುಲಿ ಕಂಡಿದ್ದು. ಮಾವ ಆನೆ ಮೇಲೆ ಕೂತಿದ್ದು. ಮೂರನೇ ತುತ್ತಿಗೆ ಸರಕು ಮುಗಿಯಿತು. ಬಾಯಿಗೆ ಬಂದಿದ್ದು ಬೊಂಬಾಯಿ — ಮಾವ ಮಂಜುಗಡ್ಡೆಯ ಮೇಲೆ ಜಾರಿದ್ದು. ಮಾಣಿ ಬಾಯಿ ತೆರೆದ. ಉಂಡ.

ಆ ಸುಳ್ಳಿಗೂ ಈಗ ಎರಡು ವರ್ಷ. ಮಾಣಿಯ ಜೊತೆಗೇ ಬೆಳೆದಿದೆ. ಅವನಿಗೆ ಅಪ್ಪನ ಜಾಗದಲ್ಲಿ ಇರುವುದು ಆ ಮಾವ, ನಾನಲ್ಲ. ಆ ಮಾವನೇ ಸುಳ್ಳು ಅಂತ ತಿಳಿದರೆ ಹುಡುಗನ ಪಾಲಿಗೆ ಏನು ಉಳಿಯಿತು?

9 ಡಿಸೆಂಬರ್, ಶನಿವಾರ

ಮಾಣಿ ಊರಿಗೆಲ್ಲ ಡಂಗುರ ಹೊಡೆದಿದ್ದಾನೆ. ಹೆಡ್‌ಮಾಸ್ತರರು ಕೂಡ, "ಏನ್ರೀ ಮಂಜಪ್ಪ ಮಾಸ್ತರ್ರೆ, ಹುಬ್ಬಳ್ಳೀಲಿ ಐಸಿನ ಮೇಲೆ ಆಡ್ತೀರಂತೆ?" ಎಂದರು. ನಕ್ಕೆ. ಬಾಯಿ ಬಿಟ್ಟರೆ ಬಣ್ಣಗೇಡು.

ಸಂಜೆ ದೇವಕಿ ಅಕ್ಕಿ ಆರಿಸುತ್ತ, ತಲೆ ಎತ್ತದೆ ಅಂದಳು: "ಅಣ್ಣ, ಮಕ್ಕ ಎರಡು ವರ್ಷದಿಂದ ಎಲ್ಲಿಗೂ ಹೋದ್ವಿಲ್ಲೆ. ಕ್ರಿಸ್‌ಮಸ್ ರಜೆಲಿ ಒಂದ್ಸಲ ಕರ್ಕಂಡು ಹೋಗ."

ಈ ಎರಡು ವರ್ಷದಲ್ಲಿ ನನ್ನ ಹತ್ತಿರ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಹೂಂ ಅಂದೆ.

10 ಡಿಸೆಂಬರ್

ಶಾಲೆಗೆ ರಜೆ. ಕೀಲಿ ನನ್ನ ಹತ್ತಿರವೇ ಇತ್ತು. ಎರಡು ಅಡಿಕೆ ಹಾಳೆ ಕತ್ತರಿಸಿ ಪಾದಕ್ಕೆ ಬಾಳೆಪಟ್ಟೆಯಲ್ಲಿ ಕಟ್ಟಿಕೊಂಡು ಮೂರನೇ ಇಯತ್ತೆಯ ಸಿಮೆಂಟು ನೆಲದ ಮೇಲೆ ಜಾರಿ ನೋಡಿದೆ. ಮೂರು ಹೆಜ್ಜೆ ಸುಸೂತ್ರ. ನಾಲ್ಕನೆಯದಕ್ಕೆ ಬೋರ್ಡಿನ ಕಾಲು ಹಿಡಿದೆ. ಬೋರ್ಡೂ ಜೊತೆಗೇ ಬಂತು.

ಸೊಂಟ ಹಿಡಿದುಕೊಂಡಿದೆ. ಮನೆಯಲ್ಲಿ ಬಾವಿಕಟ್ಟೆಯ ಹತ್ತಿರ ಜಾರಿದೆ ಅಂದೆ. ಗಂಗೆ ಎಣ್ಣೆ ಬಿಸಿ ಮಾಡಿ ತಂದಿಟ್ಟಳು. ಎಲ್ಲದಕ್ಕೂ ಎಂತಕ್ಕೆ, ಎಂತಕ್ಕೆ ಅಂತ ಪ್ರಾಣ ತಿನ್ನುವ ಹುಡುಗಿ. ಇವತ್ತು ಏನೂ ಕೇಳಲಿಲ್ಲ.

13 ಡಿಸೆಂಬರ್

ಈ ಡೈರಿಯ ಪೆನ್ಸಿಲ್ ಮೊಂಡಾಗಿತ್ತು. ಇವತ್ತು ಡೈರಿಯಿಡುವ ಟ್ರಂಕಿನ ಬೀಗ ತೆಗೆದರೆ ಚೂಪಾಗಿ ಕೆತ್ತಿದೆ. ನಾನೇ ಕೆತ್ತಿ ಮರೆತೆನೋ ಏನೋ. ನಲವತ್ತೆರಡಕ್ಕೇ ಅರಳುಮರಳು.

20 ಡಿಸೆಂಬರ್

ಗೋವೆ ನಮ್ಮದಾಯಿತು! ರೇಡಿಯೋ ಇರುವ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಶಾಲೆಯಲ್ಲಿ ಸಕ್ಕರೆ ಹಂಚಿದೆವು. ಬಸ್ಸುಗಳಿಗೆ ಹೊತ್ತುಗೊತ್ತಿಲ್ಲ, ರಸ್ತೆಯಲ್ಲೆಲ್ಲ ಮಿಲಿಟರಿ ಲಾರಿಯಂತೆ. ಮಾಣಿಗೆ ಗಂಭೀರವಾಗಿ ಹೇಳಿದೆ — ಹುಬ್ಬಳ್ಳಿಗೆ ಹೋಗುವುದು ಈ ಸಲ ಕಷ್ಟ. ಊರಿಗೆಲ್ಲ ಒಂದು ಖುಷಿ, ನನಗೆ ಎರಡು.

ಮಾಣಿ ಅಳಲಿಲ್ಲ. ಹಟ ಮಾಡಲಿಲ್ಲ. ತುತ್ತು ಕೈಯಲ್ಲೇ ಹಿಡಿದು ಸುಮ್ಮನೆ ಕೂತ. ಎರಡು ವರ್ಷದ ಹಿಂದಿನ ಹಾಗೇ.

ಥೂ ನನ್ನ ಜನ್ಮಕ್ಕಿಷ್ಟು. "ಬಸ್ಸು ಬಿಟ್ರೆ ಹೋಪನ, ಉಣ್ಣು" ಅಂದೆ.

24 ಡಿಸೆಂಬರ್

ಬಸ್ಸು ಬಿಟ್ಟಿದೆ. ನನ್ನ ಹಣೆಬರಹ. ನಾಡಿದ್ದು ಹೊರಡುವುದು.

ಗಂಗೆ ಬಂದು ಪಕ್ಕದಲ್ಲಿ ನಿಂತಳು. "ಮಾವ, ಅಲ್ಲಿ ಬಿದ್ರೆ ಜನ ನಗ್ಯಾಡ್ತ್ವ?"

"ಯಾರು ಬಿದ್ರೆ?"

"ಯಾರೇ ಆಗ್ಲಿ."

"ನಗ್ಲಿ ಬಿಡು."

"ನಿನ್ನ ದಪ್ಪ ಶಾಲು ಹೊದ್ಕ ಬಾ ಮಾವ, ಉದ್ದದ್ದು. ಹುಬ್ಬಳ್ಳಿಲಿ ಚಳಿ ಇರ್ತಡ" ಅಂದಳು. ಹುಬ್ಬಳ್ಳಿಯ ಚಳಿ ಇವಳಿಗೇನು ಗೊತ್ತು? ಹುಡುಗಿ ಅವಳ ಅಮ್ಮನ ಹಾಗೇ. ಬೇರೆಯವರದ್ದೇ ಚಿಂತೆ.

27 ಡಿಸೆಂಬರ್, ಬುಧವಾರ. ಸಂಜೆ

ಈಗಷ್ಟೇ ಬಂದೆವು. ಮೈಯೆಲ್ಲ ಕೆಂಪು ಧೂಳು. ಸ್ನಾನ ಆಮೇಲೆ. ಮೊದಲು ಬರೆಯಬೇಕು.

ನಿನ್ನೆ ಮೊದಲ ಬಸ್ಸು. ಶಿರಸಿಯಲ್ಲಿ ಬದಲಾಯಿಸಿದೆವು. ಯಲ್ಲಾಪುರದಲ್ಲಿ ಚಹಾ. ಮಾಣಿ ಎರಡು ಸಲ ವಾಂತಿ ಮಾಡಿಕೊಂಡ, ಎರಡನೆಯದು ನನ್ನ ಧೋತರದ ಮೇಲೆ. ಎಂತಕ್ಕೋ ಅಂದರೆ "ಖುಷಿಗೆ" ಅಂದ. ಪುಣ್ಯಾತ್ಮ.

ರಿಂಕ್ ಅಂದರೆ ತಗಡಿನ ಚಪ್ಪರ. ಕೆಳಗೆ ಮರದ ಹಲಗೆ ಹಾಸಿದ ನೆಲ, ಸುತ್ತ ಕಟಾಂಜನದ ಬೇಲಿ. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಮಕ್ಕಳಿಬ್ಬರೂ ಬಾಗಿಲಲ್ಲೇ ಕಾಲು ಒರೆಸಿಕೊಂಡರು. ಒಳಗೆ ಹುಬ್ಬಳ್ಳಿಯ ಹುಡುಗರು ಗರಗರ ಸುತ್ತುತ್ತಿದ್ದರು. ಮಾಣಿ ಬಗ್ಗಿ ನೋಡಿದ.

"ಮಾವ, ಐಸು ಎಲ್ಲಿದ್ದು?"

ನಾನು ಬಾಯಿ ತೆರೆಯುವುದರೊಳಗೆ ರಿಂಕಿನ ಯಜಮಾನ ನಕ್ಕ. ಶಿವಪುತ್ರಪ್ಪ ಅಂತ ಹೆಸರು. ದೊಡ್ಡ ಮೀಸೆ, ಹಣೆ ತುಂಬ ವಿಭೂತಿ. "ಹುಬ್ಬಳ್ಳಿ ಬಿಸಲಾಗ ಐಸ್ ಎಲ್ಲಿ ನಿಂದರತೈತೋ ತಮ್ಮಾ? ಚಿತ್ರ ಬರದಾಂವ ಏನರ ಬರೀತಾನ. ಇದು ಗಾಲಿ ಮ್ಯಾಲ ಆಡೂದು. ಬರ್ರಿ ಮಾಸ್ತರ, ಬೂಟು ತೋರಸ್ರಿ."

ಬೂಟು?

ಕಬ್ಬಿಣದ ಪಟ್ಟಿ, ಅದರ ಕೆಳಗೆ ನಾಲ್ಕು ಗಾಲಿ. ಮುಂದಿರುವ ಎರಡು ಹಲ್ಲು ಬೂಟಿನ ಅಟ್ಟೆಯನ್ನು ಕಚ್ಚಿ ಹಿಡಿಯಬೇಕು, ಕೀಲಿ ತಿರುಗಿಸಿ ಬಿಗಿಯಬೇಕು. ಬರಿಗಾಲಿಗೆ ನಿಲ್ಲುವುದಿಲ್ಲ. ಮಕ್ಕಳದು ಬರಿಗಾಲು, ನನ್ನದು ಚಪ್ಪಲಿ. ಜಾರಾಟಕ್ಕೆ ಅಂತಲೇ ಸಿದ್ದಾಪುರದಿಂದ ಮೂವರು ಬಂದಿದ್ದೇವೆ, ಮೂವರಲ್ಲಿ ಒಂದು ಜೊತೆ ಬೂಟಿಲ್ಲ! ಇಪ್ಪತ್ತು ದಿನ ಬೀಳುವ ಯೋಚನೆ ಮಾಡಿದೆ. ಬೂಟಿನ ಯೋಚನೆ ತಲೆಗೇ ಬರಲಿಲ್ಲ. ಬರುವುದಾದರೂ ಹೇಗೆ? ನಮ್ಮ ಕಡೆ ಬೂಟು ಹಾಕುವವರು ಫಾರೆಸ್ಟ್ ಸಾಹೇಬರೊಬ್ಬರೇ.

ಮಾಣಿ ನನ್ನ ಕಾಲು ನೋಡಿದ. ಆಮೇಲೆ ಮುಖ ನೋಡಿದ. ಆರು ವರ್ಷದ ತಲೆ ಲೆಕ್ಕ ಕೂಡಿಸುತ್ತಿತ್ತು.

"ಮಾವ... ಹಂಗಾರೆ ಬೊಂಬಾಯಲ್ಲಿ ನಿಂಗೆ ಬೂಟು ಎಲ್ಲಿತ್ತು?"

ಚಪ್ಪಲಿಯ ಕಾಲನ್ನು ಹಿಂದೆ ಎಳೆದುಕೊಂಡೆ.

ಗಂಗೆ ಥಟ್ಟನೆ ಅಂದಳು: "ಐಸಿನ ಆಟಕ್ಕೆ ಬೂಟು ಅಲ್ಲೇ ಕೊಡ್ತ, ತಮಾ. ಇದು ಗಾಲಿ ಆಟ, ಬ್ಯಾರೆ. ಇದು ಮಾವಂಗೂ ಹೊಸತು."

ಯಾರು ಹೇಳಿದರು ಇವಳಿಗೆ? ಕೇಳೋಣವೆಂದರೆ ನನ್ನ ಕಡೆ ನೋಡಲೂ ಇಲ್ಲ.

ಶಿವಪುತ್ರಪ್ಪನಿಗೆ ಕನಿಕರ ಬಂತು. ಒಳಗೆ ಹೋಗಿ ಒಂದು ಜೊತೆ ಹಳೆಯ ಬೂಟು ತಂದ. "ಹುಡುಗರ ಅಳತೀದು ಇಲ್ರಿ. ನಿಮಗ ಕೂಡತಾವ. ನೀವರ ಆಡ್ರಿ, ಅವು ನೋಡ್ಲಿ." ಕೂತವು, ನನ್ನ ಕರ್ಮ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವು.

ಎದ್ದು ನಿಂತೆ. ನಿಂತೆ ಅನ್ನುವುದೂ ಸುಳ್ಳು. ಕಾಲೆರಡೂ ಅತ್ತೆ-ಸೊಸೆಯ ಹಾಗೆ ಒಂದೊಂದು ದಿಕ್ಕಿಗೆ. ಕಟಾಂಜನ ಅಪ್ಪಿಕೊಂಡೆ. ಹುಬ್ಬಳ್ಳಿಯ ಹುಡುಗರು ಕಿಸಕ್ಕೆಂದರು. ಆಚೆಯಿಂದ ಮಾಣಿ ಕೂಗುತ್ತಿದ್ದ: "ಒಂಟಿ ಕಾಲಲ್ಲಿ ಮಾವಾ! ಚಿತ್ರದ ಹಂಗೆ!"

ಸಾಕು ಅನ್ನಿಸಿತು. ಹೇಳಿಬಿಡುವುದೇ ಸೈ. ತಿರುಗಿದೆ. "ಮಾಣಿ, ಇಲ್ಲಿ ಕೇಳು. ಆನು ಯಾವತ್ತೂ..."

ಅಷ್ಟರಲ್ಲಿ ಗಂಗೆ ಮಾಣಿಯ ಕೈ ಹಿಡಿದು ಒಳಗೇ ನುಗ್ಗಿಬಿಟ್ಟಳು, ಬರಿಗಾಲಲ್ಲಿ. ನನ್ನ ಹೆಗಲಿನ ಶಾಲು ಎಳೆದುಕೊಂಡಳು. "ಮಾವ, ಕುಕ್ಕರಗಾಲಲ್ಲಿ ಕೂತ್ಗ. ಶಾಲಿನ ನಡು ಗಟ್ಟಿ ಹಿಡ್ಕ. ತಮಾ, ಆ ತುದಿ ನಿಂಗೆ, ಈ ತುದಿ ಎಂಗೆ. ಹಾಳೆ ಎಳೆದ ಹಂಗೇಯ. ಓಡು!"

ಕೂತೆ. ಎಳೆದರು. ದೇವರೇ, ಗಾಲಿ ಹೊರಟಿತು! ಮುಂದೆ ಎರಡು ಮಕ್ಕಳು ಬಿದ್ದಂಬೀಳ ಓಡುತ್ತಿದ್ದಾರೆ, ಹಿಂದೆ ಕುಕ್ಕರಗಾಲಿನ ಮಾಸ್ತರ, ಧೋತರ ಗಾಳಿಗೆ. "ಏ ಏ, ಬರಿಗಾಲಲೆ ಒಳಗ ಬರಬ್ಯಾಡ್ರೋ!" ಎಂದು ಶಿವಪುತ್ರಪ್ಪ ಕೂಗಿದ. ಒಂದು ಸುತ್ತು ಮುಗಿಯುವಷ್ಟರಲ್ಲಿ ಅವನೇ ಹೊಟ್ಟೆ ಹಿಡಿದುಕೊಂಡು ನಗುತ್ತ ಉಳಿದವರನ್ನು ಬದಿಗೆ ಸರಿಸುತ್ತಿದ್ದ. "ಹಾದಿ ಬಿಡ್ರಿ, ಸಿದ್ದಾಪುರ ಗಾಡಿ ಬಂತು!" ಮೂವತ್ತೈದು ವರ್ಷದ ಹಿಂದೆ ನಾನೂ ಹಾಳೆಯ ಮೇಲೆ ಕೂತವನೇ. ಹೊಟ್ಟೆಯೊಳಗೆ ಅದೇ ಕಚಗುಳಿ.

ಮೂರು ಸುತ್ತು. ನಾಲ್ಕನೆಯ ತಿರುವಿನಲ್ಲಿ ಕಟಾಂಜನಕ್ಕೆ ಬಡಿದು ಮಗುಚಿದೆ. ನನ್ನ ಮೇಲೆ ಮಾಣಿ. ಎದೆಯ ಮೇಲೆ ಬಿದ್ದುಕೊಂಡೇ ನಕ್ಕ, ಬಿಕ್ಕಳಿಕೆ ಬರುವಷ್ಟು ನಕ್ಕ. ಅವನ ಅಪ್ಪ ಹೋದ ಮೇಲೆ ಅವನು ಹಾಗೆ ನಕ್ಕಿದ್ದು ನಾನು ಕೇಳಿರಲಿಲ್ಲ.

"ಮಾವ, ಬೊಂಬಾಯಲ್ಲೂ ಹಿಂಗೇ ಆಡಿದ್ಯ?"

"ಇಲ್ಲೆ. ಬೊಂಬಾಯಲ್ಲಿ ಇಷ್ಟು ಚೊಲೋ ಇತ್ತಿಲ್ಲೆ."

ಇದೊಂದು ಮಾತು ಸತ್ಯ.

6 ಜನವರಿ 1962, ಶನಿವಾರ

ಶಾಲೆ ಶುರು. ಮಾಣಿ ಊರಿಗೆಲ್ಲ ಹೇಳಿದ್ದಾನೆ — ಮಾವ ಕೂತುಕೊಂಡೇ ಆಡುತ್ತಾನೆ, ನಿಂತು ಆಡುವುದೆಲ್ಲ ಕಲಿಯದವರಿಗೆ. ಹೆಡ್‌ಮಾಸ್ತರರು ಕೈಕುಲುಕಿದರು.

ಈಗ ಊಟಕ್ಕೆ ಕಥೆ ಕೇಳುವುದಿಲ್ಲ. ಅವನೇ ಹೇಳುತ್ತಾನೆ. ಒಂದು ತುತ್ತಿಗೆ ಒಂದು, ಎಲ್ಲ ಹುಬ್ಬಳ್ಳಿಯದು. ದೇವಕಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ನನಗೆ ಅಷ್ಟು ಸಾಕು.

ಗಂಗೆಯ ಆ ಬೂಟಿನ ಮಾತು ಮಾತ್ರ ಕೊರೆಯುತ್ತಿದೆ. ಶಾಲು ಹೊದ್ದು ಬಾ ಅಂದಿದ್ದು ಕೂಡ.

14 ಜನವರಿ, ಭಾನುವಾರ. ಸಂಕ್ರಾಂತಿ

ಎಳ್ಳು-ಬೆಲ್ಲ ಆಯಿತು. ಮಕ್ಕಳು ಓಣಿಯಲ್ಲಿ ಹಂಚಲು ಹೋಗಿದ್ದಾರೆ. ಮನೆ ಖಾಲಿ. ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ, ಸುಮ್ಮನೆ. 5 ಡಿಸೆಂಬರಿನ ಪುಟದ ಕೆಳಗೆ, ನನ್ನ ಅಕ್ಷರ ಮುಗಿದ ಮೇಲೆ, ಪೆನ್ಸಿಲಿನಲ್ಲಿ ಗುಂಡಗುಂಡಗೆ ಬೇರೆ ಅಕ್ಷರ. ಗಂಗೆ ಮಾತಾಡುವ ಹಾಗೇ ಬರೆದಿದ್ದಾಳೆ:

"ಮಾವ, ತಮ್ಮಂಗೆ ಆನು ಹೇಳ್ತ್ನಿಲ್ಲೆ. ಆ ವಾರ ಆನೂ ಉಂಡಿದ್ನಿಲ್ಲೆ. ಬಾಗ್ಲ ಹಿಂದೆ ಕೂತ್ಗಂಡು ನಿನ್ನ ಕಥೆ ಕೇಳಿ, ಆಮೇಲೆ ಉಂಡಿ. ಪೆನ್ಸಿಲ್ ಕೆತ್ತಿದ್ದು ಆನು. ಟ್ರಂಕಿನ ಕೀಲಿ ಗಡಿಯಾರದ ಮೇಲೆ ಇಡಡ, ತಮ್ಮಂಗೆ ಸಿಕ್ತು."

ಕಳ್ಳಿ! ಬರಲಿ, ಕಿವಿ ಹಿಂಡುತ್ತೇನೆ ಅಂದುಕೊಂಡೆ. ಇನ್ನೊಮ್ಮೆ ಓದಿದೆ.

ಆಗ ಅವಳಿಗೆ ಒಂಬತ್ತು. ಎಲ್ಲರೂ ಮಾಣಿಯ ಬಾಯಿ ನೋಡುತ್ತಿದ್ದೆವು. ಅವಳ ಬಟ್ಟಲು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಅಳು ಬಂತು. ತಡೆದುಕೊಳ್ಳಲಿಲ್ಲ.

ಗಡಿಯಾರದ ಮೇಲಿಂದ ಕೀಲಿ ತೆಗೆದೆ. ಎಲ್ಲಿಡುವುದೆಂದು ಮನೆಯೆಲ್ಲ ಹುಡುಕಿದೆ. ಕೊನೆಗೆ ಗಂಧ ತೇಯುವ ಕಲ್ಲಿರುವ ಮೇಲಿನ ಗೂಡಿನಲ್ಲಿಟ್ಟೆ. ಮಾಣಿಗೆ ಎಟುಕುವುದಿಲ್ಲ. ಗಂಗೆಗೆ ಎಟುಕುತ್ತದೆ. ಅಳತೆ ನೋಡಿಯೇ ಇಟ್ಟಿದ್ದೇನೆ.

ಗಂಗೆ, ಇದನ್ನು ನೀನು ಓದುತ್ತೀ. ಓದು. ಇನ್ನು ಬಾಗಿಲ ಹಿಂದೆ ಕೂರಬೇಡ ಮಗಾ, ಊಟಕ್ಕೆ ನನ್ನ ಎಡಕ್ಕೆ ಕೂರು. ಹುಲಿ ಕಂಡಿದ್ದು ನಿಜ, ದೇವರಾಣೆ. ಆನೆ ಮೇಲೆ ಕೂತಿದ್ದು ಮಾತ್ರ —