ಗಲ್ಲಿಯ ಪರದೆ

ಮಾರ್ಚ್ ೧೧, ಮಂಗಳವಾರ

ನಾಟಕಕ್ಕೆಂದು ನಾನು ಬರೆದ ಆ ಪರದೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಗರದ ಕೊಳಕನ್ನೇ ಹಾಡುವ ನಾಟಕ ಇದು. ಬಾಡಿಗೆಯ ಪರದೆಗಳು ಯಾವುದೂ ಬೇಡವೆಂದು ಹಠ ಹಿಡಿದು, ನಾವು ಬೆಳೆದ ಗಲ್ಲಿಯನ್ನೇ ಬರೆದೆ. ಮೋರಿ, ಪಾಚಿಗಟ್ಟಿದ ಗೋಡೆ, ಒಡೆದ ಕಿಟಕಿ. ಬರೆದದ್ದು ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ; ಅಲ್ಲಿ ಎಲ್ಲವೂ ಕೊಳಕಾಗಿಯೇ ಕಂಡಿತ್ತು. ಇವತ್ತು ಕೊನೆಯ ತಾಲೀಮಿನಲ್ಲಿ ರಂಗದ ಹಳದಿ ದೀಪ ಬಿದ್ದದ್ದೇ ತಡ, ಮೋರಿ ಹೊಳೆಯಿತು, ಪಾಚಿ ಬಂಗಾರವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಹೀಗೇ ಇರ್ಲಿ, ಇನ್ನು ಮುಟ್ಬೇಡ," ಅಂದರು ನಿರ್ದೇಶಕರು.

ಮುಖ್ಯ ಪಾತ್ರದಲ್ಲಿ ಹಾಡುವ ನನ್ನ ಅಕ್ಕ ಮಾತ್ರ ಬಹಳ ಹೊತ್ತು ನೋಡುತ್ತ ನಿಂತಳು. "ನಮ್ಮ ಗಲ್ಲಿ ಇಷ್ಟು ಚೆಂದ ಇದ್ದಿದ್ರೆ ಅಮ್ಮ ನಮ್ಮನ್ನ ಬಿಟ್ಟು ಹೋಗ್ತಿದ್ಲೇನೇ?"

ಅದು ದೀಪದ ತಪ್ಪು ಎನ್ನುವ ಬದಲು ಕುಂಚಗಳನ್ನು ತೊಳೆಯತೊಡಗಿದೆ. ನಾಳೆ ಮೊದಲ ಪ್ರದರ್ಶನದಲ್ಲಿ ಆ ಬಂಗಾರದ ಗೋಡೆಗೆ ಬೆನ್ನು ಕೊಟ್ಟು ಅವಳು ಹಾಡಬೇಕು. ನಾನು ಕೆಳಗೆ ಪ್ರೇಕ್ಷಕರ ನಡುವೆ ಕೂತು ಅದನ್ನು ನೋಡಬೇಕು.